ಬೈಪಾಸ್ ಬ್ಯಾಡ, ಊರೊಳಗಿಂದ ಬಾ

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನುವವರಿಗಾಗಿ ಈ ಕಂತಿನ ಅಕ್ಷರರೂಪ ಇಲ್ಲಿದೆ.

ಇಯರ್‌ಫೋನ್ ಹಾಕ್ಕೊಂಡು ನಡ್ಕೊಂಡು ಹೋಗ್ತಾ ಇದನ್ನ ಕೇಳ್ತಿದ್ದರೆ ಒಂದು ವಿನಂತಿ. ರಸ್ತೆ ದಾಟುವಾಗ ಒಂದು ಕಿವಿದಾದ್ರೂ ತೆಗೀರಿ. ನಾನೆಲ್ಲೂ ಓಡಿ ಹೋಗಲ್ಲ. ಪಾಸ್ ಒತ್ತಿ, ದಾಟಿ, ಆಮೇಲೆ ಕೇಳಿ. ಬೈಕ್ ಓಡಿಸ್ತಾ ಕೇಳ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಮನೆ ಮುಟ್ಟಿದ ಮೇಲೆ ಕೇಳಿ. ಇವತ್ತಿನ ವಿಷಯವೇ ರಸ್ತೆ.

ನಾನು ಬೆಳೆದಿದ್ದು ಧಾರವಾಡದಲ್ಲಿ, ಸಪ್ತಾಪುರದ ಕಡೆ. ನಮ್ಮ ಮನೆಯಲ್ಲಿ ಯಾರಾದರೂ ಬೆಂಗಳೂರಿನಿಂದಲೋ ದಾವಣಗೆರೆಯಿಂದಲೋ ಕಾರಿನಲ್ಲಿ ಬರ್ತಿದ್ದಾರೆ ಅಂದರೆ ಅಮ್ಮ ಫೋನ್ ಮಾಡಿ ಒಂದು ಮಾತು ತಪ್ಪದೇ ಹೇಳ್ತಿದ್ದಳು: ‘ಬೈಪಾಸ್ ಬ್ಯಾಡ, ಊರೊಳಗಿಂದ ಬಾ.’ ಊರೊಳಗೆ ಅಂದರೆ ಗೊತ್ತಲ್ಲ, ಹುಬ್ಬಳ್ಳಿ ದಾಟಬೇಕು, ಉಣಕಲ್, ನವಲೂರು ಎಲ್ಲಾ ದಾಟಬೇಕು, ಸಿಗ್ನಲ್ ಕಾಯಬೇಕು. ಬೈಪಾಸ್ ಇರೋದೇ ಆ ಗದ್ದಲ ತಪ್ಪಿಸೋಕೆ. ನಮ್ಮ ಕಡೆ ಜನ ಬೈಪಾಸನ್ನೇ ತಪ್ಪಿಸಿ ಊರೊಳಗಿಂದ ಬರ್ತಿದ್ದರು. ದುಡ್ಡು ಕೊಟ್ಟು ಓಡಾಡೋ ರಸ್ತೆಗೆ ಹೆದರಿ, ಪುಕ್ಕಟೆ ಇರೋ ರಸ್ತೆಗೆ ಬರೋದು. ಆವಾಗ ಇದು ನನಗೆ ವಿಚಿತ್ರ ಅಂತ ಅನಿಸಿರಲೇ ಇಲ್ಲ. ಎಲ್ಲರ ಮನೆಯಲ್ಲೂ ಹಂಗೇ ಹೇಳ್ತಿದ್ದರು.

ಆ ಬೈಪಾಸ್ ಹ್ಯಾಗೆ ಹಂಗಾಯ್ತು ಅನ್ನೋದನ್ನ ಇವತ್ತು ಮಾತಾಡೋಣ. ‘ಸಾರ್ವಜನಿಕ–ಖಾಸಗಿ ಸಹಭಾಗಿತ್ವ’ ಅಂತ ಭಾಷಣದಲ್ಲಿ ಕೇಳಿರ್ತೀರಿ, ಚುಟುಕಾಗಿ ಪಿಪಿಪಿ. ಕೇಳಿದ ಕೂಡಲೇ ಆಕಳಿಕೆ ಬರುವ ಪದ, ನನಗೆ ಗೊತ್ತು. ಆದರೆ ನಮ್ಮ ಎರಡು ಊರುಗಳ ಪಾಲಿಗೆ ಅದು ಬರೀ ಪದ ಅಲ್ಲ.

ಬೈಪಾಸ್ ಶುರುವಾಗೋದು ಧಾರವಾಡದ ಆಚೆ ನರೇಂದ್ರದ ಹತ್ತಿರ, ಮುಗಿಯೋದು ಹುಬ್ಬಳ್ಳಿ ಪಕ್ಕದ ಗಬ್ಬೂರಿನಲ್ಲಿ. ಸುಮಾರು 30 ಕಿಲೋಮೀಟರ್. 1990ರ ದಶಕದ ಕೊನೆಯಲ್ಲಿ ಇದನ್ನು ನಂದಿ ಹೈವೇ ಡೆವಲಪರ್ಸ್ ಅನ್ನೋ ಕಂಪನಿಗೆ ಬಿಓಟಿ ಪದ್ಧತಿಯಲ್ಲಿ ಕೊಟ್ಟರು. ಕಟ್ಟು, ನಡೆಸು, ಆಮೇಲೆ ಸರ್ಕಾರಕ್ಕೆ ವಾಪಸ್ ಕೊಡು, ಅಷ್ಟೇ ಅದರ ಅರ್ಥ. ಕಟ್ಟೋ ಖರ್ಚು ಕಂಪನಿಯದು, ಅದಕ್ಕೆ ಬದಲಾಗಿ ಇಷ್ಟು ವರ್ಷ ಟೋಲ್ ವಸೂಲಿ ಮಾಡೋ ಹಕ್ಕು. ಇಲ್ಲಿ 25 ವರ್ಷ, ಮುಗಿಯಬೇಕಿದ್ದದ್ದು 2024ಕ್ಕೆ. ರಾಜ್ಯದಲ್ಲಿ ಈ ಪದ್ಧತಿಯಲ್ಲಿ ಆದ ಮೊದಮೊದಲ ರಸ್ತೆಗಳಲ್ಲಿ ಇದೂ ಒಂದು. ಸರ್ಕಾರದ ಹತ್ತಿರ ದುಡ್ಡಿರಲಿಲ್ಲ, ಲಾರಿಗಳು ಊರೊಳಗೇ ನುಗ್ಗುತ್ತಿದ್ದವು, ರಸ್ತೆ ಬೇಕಾಗಿತ್ತು. ಆ ಕಾಲಕ್ಕೆ ನೋಡಿದರೆ ಕೆಟ್ಟ ಯೋಚನೆ ಏನಲ್ಲ. ಆ ಕಾಲಕ್ಕೆ ಎರಡು ಪಥವೂ ಸಾಕಾಗಿತ್ತು ಅಂತಲೇ ಇಟ್ಕೊಳ್ಳೋಣ.

ತೊಂದರೆ ಬಂದದ್ದು ಆಮೇಲೆ. 2000ದ ದಶಕದಲ್ಲಿ ಸುವರ್ಣ ಚತುಷ್ಪಥ ಬಂತು. ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸೇರಿಸೋ ನಾಲ್ಕು ಪಥದ ಹೆದ್ದಾರಿ. ಮುಂಬೈ–ಚೆನ್ನೈ ದಾರಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು ಮುಟ್ಟಿಕೊಂಡೇ ಹೋಗುತ್ತೆ. ಬೆಳಗಾವಿಯಿಂದ ನರೇಂದ್ರದ ತನಕ ನಾಲ್ಕು ಪಥ. ಗಬ್ಬೂರಿನಿಂದ ಹಾವೇರಿ ಕಡೆಗೆ ನಾಲ್ಕು ಪಥ. ನಡುವಿನ ಈ 30 ಕಿಲೋಮೀಟರ್ ಮಾತ್ರ ಹಳೇ ಎರಡು ಪಥ. ನಡುವೆ ಡಿವೈಡರ್ ಇರಲಿಲ್ಲ. ಯಾಕೆ? ಗುತ್ತಿಗೆ ನಡೀತಾ ಇತ್ತು. ಗುತ್ತಿಗೆ ನಡುವೆ ಅಗಲ ಮಾಡೋರು ಯಾರು, ಖರ್ಚು ಯಾರದು, ಟೋಲ್ ಯಾರಿಗೆ ಅನ್ನೋ ಲೆಕ್ಕ ವರ್ಷಗಟ್ಟಲೆ ಮುಗೀಲಿಲ್ಲ.

ನಮ್ಮ ಕಾಕಾ ಒಬ್ಬರು ಲಾರಿ ಡ್ರೈವರ್. ಬ್ಯಾಡಗಿ ಮೆಣಸಿನಕಾಯಿ, ಅಮರಗೋಳ ಎಪಿಎಂಸಿಯಿಂದ ಉಳ್ಳಾಗಡ್ಡಿ, ಹತ್ತಿ, ಏನು ಸಿಕ್ಕರೆ ಅದನ್ನ ಹೇರಿಕೊಂಡು ಪುಣೆ, ಮುಂಬೈ ಅಂತ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಓಡಾಡಿದವರು. ಈ ಕಂತಿಗೆ ಅಂತ ಹೋದ ವಾರ ಅವರ ಹತ್ತಿರ ಕೂತು ಕೇಳಿದೆ. ಕಾಕಾ, ಆ ರೋಡಿನಾಗ ಅಂಥಾದ್ದು ಏನಿತ್ತು ಅಂತ. ಅವರು ಹೇಳಿದ್ದನ್ನ ಹಂಗೇ ಹೇಳ್ತೀನಿ:

‘ನೋಡ ಯವ್ವಾ, ಬೆಳಗಾಂವದಿಂದ ಬರಬೇಕಾದ್ರ ನಾಕ ಲೈನ್ ಇರತೈತಿ. ಎದುರಿಗೆ ಯಾರೂ ಬರೂದಿಲ್ಲ ಅಂತ ಕೈಗೆ, ಕಾಲಿಗೆ ರೂಢಿ ಆಗಿಬಿಟ್ಟಿರತೈತಿ. ಒಂದು ತಾಸು ಹಂಗ ಬಂದಿರತೀವಿ. ನರೇಂದ್ರ ದಾಟಿದ ಕೂಡಲೇ ರೋಡ್ ಸಣ್ಣದಾತು. ರೋಡ್ ಬ್ಯಾರೆ, ಆದ್ರ ಕಾಲು ಅದ, ಕೈ ಅದ. ಮುಂದ ಒಂದು ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಹೊಂಟಿರತೈತಿ, ಹಿಂದ ಲೈಟ್ ಇಲ್ಲ. ಹಿಂದ ಒಬ್ಬ ಬಸ್ಸಿನಾಂವ ಹಾರ್ನ್ ಹೊಡದ ಹೊಡೀತಾನ. ಏನ್ ಮಾಡ್ತಿ? ಹೊರಗ ತಗೀತಿ. ಎದುರಿಗೆ ಬರಾಂವನೂ ಹಂಗ ಹೊರಗ ತಗದಿದ್ದಾ ಅಂದ್ರ ಮುಗೀತು.’

ಕಾಕಾನ ಮಾತನ್ನ ನಾನು ಲೆಕ್ಕಕ್ಕೆ ಹಾಕಿ ನೋಡಿದೆ. ನೀವು ಗಂಟೆಗೆ 80ರಲ್ಲಿ ಇದ್ದೀರಿ, ಎದುರಿನವನೂ 80. ಇಬ್ಬರ ನಡುವಿನ ದೂರ ಸೆಕೆಂಡಿಗೆ ಸುಮಾರು 44 ಮೀಟರ್ ಕಡಿಮೆ ಆಗ್ತಾ ಬರುತ್ತೆ. ಒಂದು ಉದ್ದನೆ ಲಾರಿ ದಾಟೋಕೆ 10 ಸೆಕೆಂಡ್ ಬೇಕು ಅಂದರೆ, ನೀವು ಹೊರಗೆ ತೆಗೆಯುವಾಗ ಎದುರಿನ ವಾಹನ ಅರ್ಧ ಕಿಲೋಮೀಟರ್ ಆಚೆ ಇರಬೇಕು. ರಾತ್ರಿ ಎರಡು ಹೆಡ್‌ಲೈಟ್ ನೋಡಿ ಅರ್ಧ ಕಿಲೋಮೀಟರೋ ಮುನ್ನೂರು ಮೀಟರೋ ಅಂತ ಹೇಳಬಲ್ಲ ಮನುಷ್ಯ ಇದ್ದರೆ ನನಗೆ ತೋರಿಸಿ. ನಡುವೆ ಒಂದು ಗೋಡೆ, ಒಂದು ಕಬ್ಬಿಣದ ಪಟ್ಟಿ, ಏನೋ ಒಂದು ಇದ್ದಿದ್ದರೆ ಈ ಅಂದಾಜಿನ ಕೆಲಸವೇ ಇರ್ತಿರಲಿಲ್ಲ. ತಪ್ಪು ಮಾಡಿದವನು ತನ್ನ ಕಡೆಯ ಗೋಡೆಗೆ ತಾಗಿ ನಿಲ್ತಿದ್ದ. ಎದುರಿಗೆ ಬರ್ತಿದ್ದವರು ಮನೆಗೆ ಹೋಗ್ತಿದ್ದರು.

2021ರ ಜನವರಿ 15. ಸಂಕ್ರಾಂತಿಯ ಮರುದಿನ. ದಾವಣಗೆರೆಯಿಂದ ಹೊರಟ ಒಂದು ಟೆಂಪೊ ಟ್ರಾವೆಲರ್‌ನಲ್ಲಿ ಒಂದೇ ಶಾಲೆಯಲ್ಲಿ ಓದಿದ ಗೆಳತಿಯರು ಇದ್ದರು. ಗೋವಾಕ್ಕೆ ಹೊರಟಿದ್ದರು. ಇಟಿಗಟ್ಟಿ ಹತ್ತಿರ ಇದೇ ಬೈಪಾಸ್‌ನಲ್ಲಿ ಬೆಳ್ಳಂಬೆಳಗ್ಗೆ ಟಿಪ್ಪರ್‌ಗೂ ಅವರ ಗಾಡಿಗೂ ಡಿಕ್ಕಿ ಆಯ್ತು. 10ಕ್ಕೂ ಹೆಚ್ಚು ಜನ ತೀರಿಕೊಂಡರು, ಹೆಚ್ಚಿನವರು ಆ ಗೆಳತಿಯರೇ. ಅವತ್ತು ಧಾರವಾಡದಲ್ಲಿ ಯಾರ ಮುಖ ನೋಡಿದರೂ ಬೇರೆ ಮಾತಿಲ್ಲ. ಪತ್ರಿಕೆಗಳು ‘ಕಿಲ್ಲರ್ ಬೈಪಾಸ್’ ಅಂತ ಬರೆದವು. ಹಿಂದೆಯೂ ಬರೆದಿದ್ದವು. ಆಮೇಲೆ ತೀರಿಕೊಂಡವರ ಮನೆಯವರು ದಾವಣಗೆರೆಯಿಂದ ಅದೇ ಜಾಗಕ್ಕೆ ಬಂದು ನಿಂತು ರಸ್ತೆ ಅಗಲ ಮಾಡಿ ಅಂತ ಕೇಳಿದರು. ಇದನ್ನ ಸ್ವಲ್ಪ ಯೋಚನೆ ಮಾಡಿ. ಹೆಂಡತಿ ಹೋದ, ತಾಯಿ ಹೋದ ಜಾಗಕ್ಕೆ ಮತ್ತೆ ಬಂದು ನಿಂತು ನಮಗೆ ಅಲ್ಲ, ಇನ್ನು ಮುಂದೆ ಬರೋರಿಗೆ ಅಂತ ಕೇಳೋದು.

ಆ ಅಪಘಾತಕ್ಕೆ ಸರಿಯಾಗಿ ಒಂದು ತಿಂಗಳು. ಫೆಬ್ರವರಿ 15ರ ಮಧ್ಯರಾತ್ರಿಯಿಂದ ದೇಶದ ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಯ್ತು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ. ಆದರೆ ನನಗೆ ಈ ಎರಡು ತಾರೀಖು ಒಟ್ಟಿಗೇ ನೆನಪಾಗುತ್ತೆ. ಯಾಕಂದರೆ ಅಲ್ಲಿಂದ ಮುಂದೆ ಯಾವ ಗಾಡಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾವ ಟೋಲ್ ದಾಟಿತು, ಎಷ್ಟು ರೂಪಾಯಿ ಕಟ್ಟಾಯ್ತು ಅನ್ನೋದು ಆ ಕ್ಷಣಕ್ಕೇ ಮೊಬೈಲಿಗೆ ಮೆಸೇಜ್ ಆಗಿ ಬರುತ್ತೆ. ರೂಪಾಯಿ ಲೆಕ್ಕ ಇಷ್ಟು ಚೊಕ್ಕ ಇಡೋ ವ್ಯವಸ್ಥೆಗೆ, ಅದೇ ರಸ್ತೆಯಲ್ಲಿ ಈ ತಿಂಗಳು ಎಷ್ಟು ಜನ ಸತ್ತರು ಅನ್ನೋ ಲೆಕ್ಕವನ್ನ ಅದೇ ಟೋಲ್ ಗೇಟಿನ ಬೋರ್ಡ್ ಮೇಲೆ ಬರೆಯೋದು ಕಷ್ಟವೇ?

ಸಾವಿನ ಲೆಕ್ಕ ಇಡ್ತಾರೆ, ಇಲ್ಲ ಅಂತಲ್ಲ. ಹ್ಯಾಗೆ ಇಡ್ತಾರೆ ಕೇಳಿ. ‘ಬ್ಲ್ಯಾಕ್ ಸ್ಪಾಟ್’ ಅನ್ನೋ ಪದ ಕೇಳಿರ್ತೀರಿ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷದೊಳಗೆ ಸಾವು ಅಥವಾ ಗಂಭೀರ ಗಾಯ ಆದ 5 ಅಪಘಾತ, ಇಲ್ಲವೇ ಒಟ್ಟು 10 ಸಾವು ಆದರೆ ಅದು ಬ್ಲ್ಯಾಕ್ ಸ್ಪಾಟ್. ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆ ಇದು. ಇಂಥ ಕಡೆ ಮೊದಲು ದುಡ್ಡು ಹಾಕಬೇಕು ಅನ್ನೋದು ಸರಿಯೇ. ಆದರೆ ಉಲ್ಟಾ ಓದಿ ನೋಡಿ. ಒಂದು ತಿರುವು ಅಪಾಯಕಾರಿ ಅಂತ ಕಾಗದದ ಮೇಲೆ ಬರೋ ಮೊದಲು ಅಷ್ಟು ಜನ ಸಾಯಬೇಕು. ನಮ್ಮಮ್ಮ ಯಾವ ಡೇಟಾನೂ ಇಲ್ಲದೆ ಫೋನ್‌ನಲ್ಲಿ ಅದನ್ನೇ ಹೇಳ್ತಿದ್ದಳು.

ಇಟಿಗಟ್ಟಿ ಆದ ಮೇಲೂ ಅದು ನಿಲ್ಲಲಿಲ್ಲ. 2022ರ ಫೆಬ್ರವರಿ 28ಕ್ಕೆ ಕೇಂದ್ರ ಸಚಿವ ನಿತಿನ್ ಗಡ್ಕರಿ ಹುಬ್ಬಳ್ಳಿಗೆ ಬಂದು ಹೆದ್ದಾರಿ ಕಾಮಗಾರಿಗಳಿಗೆ ಶಂಕುಸ್ಥಾಪನೆ ಮಾಡಿದರು, ಅದರಲ್ಲಿ ಈ ಬೈಪಾಸನ್ನ ಆರು ಪಥ ಮಾಡೋದೂ ಇತ್ತು. ಕಲ್ಲು ಹಾಕಿ ಮೂರು ತಿಂಗಳು ಆಗಿರಲಿಲ್ಲ, ಮೇ 24ರ ನಡುರಾತ್ರಿ ತಾರಿಹಾಳದ ಹತ್ತಿರ ಖಾಸಗಿ ಬಸ್ಸು, ಲಾರಿ ಮುಖಾಮುಖಿ. ಮತ್ತೆ ಏಳೆಂಟು ಜೀವ. ಎದುರು ಬದುರು ಹೊಡೆಯೋ ಅಪಘಾತವೇ ಮತ್ತೆ.

ಈಗ ನೀವು ಕೇಳಬಹುದು, ಹಂಗಾದ್ರೆ ಖಾಸಗಿಯವರಿಗೆ ರಸ್ತೆ ಕೊಟ್ಟಿದ್ದೇ ತಪ್ಪಾ? ಇಷ್ಟು ಕೇಳಿದ ಮೇಲೆ ಹಂಗೆ ಅನಿಸೋದು ಸಹಜ. ನನಗೂ ಅನಿಸಿತ್ತು. ಆದರೆ ಈ ಕಂತಿಗೆ ಓದ್ತಾ ಓದ್ತಾ ನನ್ನ ಅಭಿಪ್ರಾಯ ಬದಲಾಯ್ತು. ಸರ್ಕಾರವೇ ಕಟ್ಟಿದ ಎರಡು ಪಥದ ರಸ್ತೆಯಲ್ಲಿ ಜನ ಸಾಯೋದಿಲ್ವಾ? ದಿನಾ ಸಾಯ್ತಾರೆ. ಯಾರು ಕಟ್ಟಿದರು ಅನ್ನೋದಕ್ಕಿಂತ, ಕಟ್ಟೋರಿಂದ ನಾವು ಏನು ಬರೆಸಿಕೊಂಡಿದ್ದೀವಿ ಅನ್ನೋದು ನನಗೆ ಈಗ ಮುಖ್ಯ ಅನಿಸುತ್ತೆ.

ಒಂದು ಉದಾಹರಣೆ. 2000ದ ದಶಕದ ನಡುವೆ ಯೋಜನಾ ಆಯೋಗ ಇಂಥ ಹೆದ್ದಾರಿಗಳಿಗೆ ಒಂದು ಮಾದರಿ ಗುತ್ತಿಗೆ ಪತ್ರ ತಯಾರು ಮಾಡಿತು. ಅದರಲ್ಲಿ ಸುರಕ್ಷತೆಗೆ ಅಂತಲೇ ಪ್ರತ್ಯೇಕ ಅಧ್ಯಾಯ ಇದೆ. ಸುರಕ್ಷತೆ ನೋಡೋ ಸಲಹೆಗಾರ ಇರಬೇಕು, ಟ್ರಾಫಿಕ್ ಪೊಲೀಸರಿಗೆ ಜಾಗ ಬೇಕು, ಗಾಯಗೊಂಡವರಿಗೆ ಚಿಕಿತ್ಸೆಯ ಠಾಣ್ಯ ಬೇಕು ಅಂತೆಲ್ಲ. ಅದಕ್ಕಿಂತ ಮುಖ್ಯ, ಓಡಾಟ ಅಂದುಕೊಂಡಿದ್ದಕ್ಕಿಂತ ಹೆಚ್ಚಾದರೆ ಗುತ್ತಿಗೆಯ ಅವಧಿ ಏನಾಗಬೇಕು, ರಸ್ತೆಯ ಸಾಮರ್ಥ್ಯ ಮೀರಿದರೆ ಮುಂದೇನು ಅನ್ನೋದನ್ನೂ ಬರೆದರು. ಅಂದರೆ ನಮ್ಮ ಬೈಪಾಸ್‌ನಲ್ಲಿ ಯಾವ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಸಿಗಲಿಲ್ಲವೋ ಅದನ್ನ ಮೊದಲೇ ಕಾಗದದ ಮೇಲೆ ಕೇಳೋದು ಕಲಿತರು. ನಮ್ಮದು ಅದಕ್ಕಿಂತ ಹಳೇ ಕಾಲದ ಗುತ್ತಿಗೆ. ಇಡೀ ದೇಶ ಈ ಪಾಠ ಕಲಿಯೋದಕ್ಕೆ ಮೊದಲೇ ನಾವು ಸಹಿ ಹಾಕಿ ಕೂತಿದ್ದೆವು.

ಇನ್ನೊಂದು, ಚೆನ್ನಾಗಿ ಆಗಿರೋದು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ. ಕಾಕಾ ನೂರಾರು ಸಲ ಓಡಾಡಿದ ರಸ್ತೆ. 2016ರಲ್ಲಿ ಅಲ್ಲಿ ಸತ್ತವರು 151 ಜನ. ಅದೇ ವರ್ಷ ಸೇವ್‌ಲೈಫ್ ಫೌಂಡೇಶನ್ ಅನ್ನೋ ಸಂಸ್ಥೆ, ಮಹಾರಾಷ್ಟ್ರ ಸರ್ಕಾರದ ರಸ್ತೆ ನಿಗಮ, ಹೆದ್ದಾರಿ ಪೊಲೀಸರು, ದುಡ್ಡು ಕೊಡೋಕೆ ಮಹೀಂದ್ರ ಕಂಪನಿ ಒಟ್ಟಾಗಿ ‘ಸಾವೇ ಇಲ್ಲದ ರಸ್ತೆ’ ಮಾಡ್ತೀವಿ ಅಂತ ಹೊರಟರು. ಸಾವು ಸೊನ್ನೆಗೆ ಇಳಿಯಲಿಲ್ಲ. ಆದರೆ 2020ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ ಆಯ್ತು. 2020 ಲಾಕ್‌ಡೌನ್ ವರ್ಷ, ಅದನ್ನ ಮರೆಯೋ ಹಾಗಿಲ್ಲ. ಆದರೆ ಅದರ ಹಿಂದಿನ ವರ್ಷಗಳಲ್ಲೇ ಸಾವು ಇಳಿಯೋಕೆ ಶುರುವಾಗಿತ್ತು. ಅವರು ಮಾಡಿದ್ದರಲ್ಲಿ ಜಾದೂ ಏನಿಲ್ಲ. ಪ್ರತಿ ಅಪಘಾತದ ಜಾಗಕ್ಕೆ ಹೋಗಿ, ಗಾಡಿ ಎಲ್ಲಿ ತಿರುಗಿತು, ಎಲ್ಲಿ ಬಡಿಯಿತು, ಏನಕ್ಕೆ ಬಡಿದು ಮನುಷ್ಯ ಸತ್ತ ಅಂತ ನೋಡಿದರು. ತಪ್ಪು ಡ್ರೈವರ್‌ದೇ ಇರಲಿ, ಅವನು ಬಡಿದ ಕಂಬ ಅಲ್ಲಿ ಯಾಕಿತ್ತು? ಬೇಲಿಯ ತುದಿ ಈಟಿಯ ಹಾಗೆ ಯಾಕೆ ಚಾಚಿಕೊಂಡಿತ್ತು? ಪಕ್ಕದಲ್ಲಿ ಕೆಟ್ಟು ನಿಂತ ಲಾರಿಯನ್ನ ಅಷ್ಟು ಹೊತ್ತು ಯಾಕೆ ಬಿಟ್ಟಿದ್ದರು? ಒಂದೊಂದಾಗಿ ಸರಿ ಮಾಡಿದರು.

ನಮ್ಮ ರಾಜ್ಯದ್ದೇ ಬೇಕು ಅಂದರೆ ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು, ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿಯೇ ಸುದ್ದಿ. ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ನಿಲ್ಲಿಸಿದರು. ಕ್ಯಾಮೆರಾ ಹಾಕಿದರು, ದಂಡ ಮನೆಗೇ ಬರೋಕೆ ಶುರುವಾಯ್ತು. ಸಾವು ಇಳೀತು. ಬೈಕಿನವರಿಗೆ ಸರ್ವಿಸ್ ರಸ್ತೆಯಲ್ಲಿ ಹೋಗೋದು ರೇಜಿಗೆ, ಒಪ್ತೀನಿ. ಆದರೂ.

ಕಂಪನಿಯವರ ಕಡೆಯ ಮಾತನ್ನೂ ಹೇಳಬೇಕಲ್ಲ. ಅವರು ಕೇಳೋ ಪ್ರಶ್ನೆ ಹೀಗಿರುತ್ತೆ: ಯಾರೋ ಕುಡಿದು ಬಂದು ಗುದ್ದಿದರೆ ನಮಗೆ ಯಾಕೆ ದಂಡ? ನ್ಯಾಯವಾದ ಪ್ರಶ್ನೆ. ಹಂಗಂತ ಸಾವನ್ನ ಗುತ್ತಿಗೆಯಿಂದ ಪೂರ್ತಿ ಹೊರಗೆ ಇಡೋದೂ ಸರಿಯಲ್ಲ. ಸ್ಪೇನ್‌ನಲ್ಲಿ ಕೆಲವು ರಸ್ತೆ ಗುತ್ತಿಗೆಗಳಲ್ಲಿ ಅಪಘಾತ ಕಡಿಮೆ ಆದರೆ ಕಂಪನಿಗೆ ಲಾಭ ಆಗೋ ಹಾಗೆ ಬರೆದಿದ್ದಾರೆ. ಟೋಲ್ ಗುತ್ತಿಗೆಯಲ್ಲಿ ಕಂಪನಿಗೆ ದುಡ್ಡು ಬರೋದು ಗಾಡಿ ಹೆಚ್ಚು ಓಡಿದರೆ. ಗಾಡಿಯೊಳಗಿನ ಮನುಷ್ಯ ಮನೆ ಮುಟ್ಟಿದರೂ ಮುಟ್ಟದಿದ್ದರೂ ಟೋಲ್ ಅಷ್ಟೇ. ಆ ಮನುಷ್ಯ ಮನೆ ಮುಟ್ಟಿದರೂ ಒಂದಿಷ್ಟು ದುಡ್ಡು ಬರುತ್ತೆ ಅಂತಾದರೆ, ಕೆಟ್ಟು ನಿಂತ ಲಾರಿ ಎಳೆಯೋ ಕ್ರೇನ್ ಬೇಗ ಬರುತ್ತೆ. ಇದರಲ್ಲಿ ಯಾರ ಒಳ್ಳೆತನದ ಪ್ರಶ್ನೆಯೂ ಇಲ್ಲ.

ನಮ್ಮಲ್ಲಿ ಏನಿದೆ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ 198ಎ ಅಂತ ಒಂದು ಹೊಸ ಕಲಂ ಬಂತು. ಹೆಲ್ಮೆಟ್ ದಂಡ ಹೆಚ್ಚಾಯ್ತು ಅಂತ ನಾವೆಲ್ಲ ಕೂಗಾಡಿದೆವಲ್ಲ, ಅದೇ ತಿದ್ದುಪಡಿ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿ ಮಾಡಿದ ಸುರಕ್ಷತಾ ಗುಣಮಟ್ಟ ಪಾಲಿಸದೆ, ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಇಲಾಖೆ, ಗುತ್ತಿಗೆದಾರ, ಸಲಹೆಗಾರ, ಟೋಲ್ ಹಕ್ಕು ಪಡೆದ ಕಂಪನಿ, ಯಾರೇ ಹೊಣೆಗಾರರಿದ್ದರೂ ದಂಡ. ಕೇಳಿದಾಗ ನನಗೆ ಖುಷಿ ಆಯ್ತು. ಆಮೇಲೆ ಮುಂದಿನ ಸಾಲು ಓದಿದೆ. ದಂಡ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಸಾವಿರಾರು ಕೋಟಿಯ ಹೆದ್ದಾರಿಗೆ 1 ಲಕ್ಷ. ನೀವು ಕೈಯಲ್ಲಿ ಹಿಡ್ಕೊಂಡಿರೋ ಫೋನೇ ಅಷ್ಟಾಗಿರಬಹುದು.

ಅಪಘಾತ ಆದ ಮೇಲಿನ ಒಂದು ಗಂಟೆ ಬಗ್ಗೆಯೂ ಹೇಳಬೇಕು. ಸರ್ಕಾರ, ಖಾಸಗಿ ಎರಡೂ ಮುಖಾಮುಖಿ ಆಗೋದು ಅಲ್ಲೇ, ಆಸ್ಪತ್ರೆಯ ಕೌಂಟರ್‌ನಲ್ಲಿ. ಕೆಲವು ವರ್ಷದ ಹಿಂದೆ ಉಣಕಲ್ ಕೆರೆ ಹತ್ತಿರ ಸಂಜೆ ಹೊತ್ತು ಒಬ್ಬ ಹುಡುಗ ಬೈಕಿನಿಂದ ಬಿದ್ದ. ತಲೆಯಿಂದ ರಕ್ತ. ಸುತ್ತ ಜನ ಸೇರಿದರು, ಮೊಬೈಲ್ ಎತ್ತಿದರು. ನೀವು ಊಹಿಸಿದ್ದು ಸರಿ, ವಿಡಿಯೊ ಮಾಡೋಕೆ. ಒಬ್ಬ ಆಟೊದವರು ‘ಹಿಡೀರಿ ಅಕ್ಕಾರ, ಕಾಲು ಹಿಡೀರಿ’ ಅಂದರು. ಇಬ್ಬರೂ ಎತ್ತಿ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆವು. ಯಾವುದು ಅಂತ ಹೇಳೋದು ಬೇಡ. ಕೌಂಟರ್‌ನಲ್ಲಿ ಮೊದಲ ಪ್ರಶ್ನೆ, ‘ನೀವು ಪೇಷಂಟ್‌ಗೆ ಏನಾಗಬೇಕು?’ ಎರಡನೇದು, ‘ಅಡ್ವಾನ್ಸ್ ಯಾರು ಕಟ್ತೀರಿ?’ ಆಟೊದವರು ನನ್ನ ಕಿವಿಯಲ್ಲಿ, ‘ಅಕ್ಕಾರ, ನಾ ಹೋಗ್ಲೇನ್ರಿ, ಪೊಲೀಸ್ ಕೇಸ್ ಆದ್ರ ನನ್ನ ಗಾಡಿ ಹಿಡಕೊಂಡ ಕುಂದ್ರತಾರ’ ಅಂದರು. ಅವರ ಶರ್ಟಿನ ತುಂಬಾ ಆ ಹುಡುಗನ ರಕ್ತ ಇತ್ತು. ಅರ್ಧ ಗಂಟೆ ನಿಂತೆವು. ಕೊನೆಗೆ ಹುಡುಗನ ಫೋನ್‌ಗೆ ಅವನ ಅಣ್ಣನ ಕರೆ ಬಂತು, ಅಣ್ಣ ಬಂದ, ಡಾಕ್ಟರ್ ಬಂದರು. ಹುಡುಗ ಬದುಕಿದ. ಆ ಅರ್ಧ ಗಂಟೆ ಮಾತ್ರ ನನಗೆ ಮರೆಯೋಕೆ ಆಗಿಲ್ಲ.

ನನಗೆ ಅವತ್ತು ಗೊತ್ತಿರಲಿಲ್ಲ, ಈಗ ಗೊತ್ತು. ಗಾಯಾಳುವನ್ನು ಕರ್ಕೊಂಡು ಬಂದವರನ್ನ ಆಸ್ಪತ್ರೆ ಹಿಡಿದು ನಿಲ್ಲಿಸೋ ಹಾಗಿಲ್ಲ, ದುಡ್ಡು ಕೇಳೋ ಹಾಗಿಲ್ಲ, ಹೆಸರು ಹೇಳಿ ಅಂತ ಪೊಲೀಸರೂ ಒತ್ತಾಯ ಮಾಡೋ ಹಾಗಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮುದ್ರೆ ಒತ್ತಿತು, 2019ರ ತಿದ್ದುಪಡಿಯಲ್ಲಿ ಕಾಯ್ದೆಯಲ್ಲೇ ಬಂತು. ಈ ಹಕ್ಕುಗಳನ್ನ ಆಸ್ಪತ್ರೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲೂ ಬರೆದು ಹಾಕಬೇಕು ಅಂತ ನಿಯಮ ಇದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಬೋರ್ಡ್ ಎಲ್ಲಿದೆ ಹುಡುಕಿ ನೋಡಿ.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಅನ್ನೋದನ್ನೂ ಹೇಳ್ತೀನಿ. 108 ಆಂಬುಲೆನ್ಸ್ ನಮ್ಮಲ್ಲಿ ಶುರುವಾಗಿದ್ದು 2008ರ ನವೆಂಬರ್ 1ಕ್ಕೆ, ಅದೂ ಪಿಪಿಪಿಯೇ. ದುಡ್ಡು ಸರ್ಕಾರದ್ದು, ನಡೆಸಿದ್ದು ಖಾಸಗಿ ಸಂಸ್ಥೆ. ದೂರು ಎಷ್ಟೇ ಇದ್ದರೂ ಇವತ್ತು ಹಳ್ಳಿಯ ಅಜ್ಜಿಗೂ ಆ ಮೂರು ಅಂಕಿ ಗೊತ್ತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಹರೀಶ್ ಅನ್ನೋ ಯುವಕ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿ ಬಿದ್ದಾಗಲೂ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡ. ಮುಂದಿನ ತಿಂಗಳೇ ಅವನ ಹೆಸರಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ಬಂತು. ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗೆ ಚಿಕಿತ್ಸೆ, ಬಿಲ್ ಸರ್ಕಾರದ್ದು. ಖಾಸಗಿ ಆಸ್ಪತ್ರೆಗಳೂ ಅದರಲ್ಲಿ ಸೇರಿದವು. 2025ರ ಮೇನಲ್ಲಿ ಕೇಂದ್ರ ಸರ್ಕಾರ ಅದೇ ದಾರಿಯಲ್ಲಿ ದೇಶಕ್ಕೆಲ್ಲ ನಗದುರಹಿತ ಚಿಕಿತ್ಸೆ ತಂತು, 7 ದಿನ, ಒಂದೂವರೆ ಲಕ್ಷದವರೆಗೆ. ಕೌಂಟರ್‌ನಲ್ಲಿ ಕೂತವರಿಗೆ ಈ ದುಡ್ಡು ಬಂದೇ ಬರುತ್ತೆ ಅನ್ನೋ ನಂಬಿಕೆ ಬಂದ ದಿನ ‘ಅಡ್ವಾನ್ಸ್ ಯಾರು ಕಟ್ತೀರಿ’ ಅನ್ನೋ ಪ್ರಶ್ನೆ ನಿಲ್ಲುತ್ತೆ. ಸರ್ಕಾರದ ಬಾಕಿ ಬಿಲ್ಲು ಎಷ್ಟು ತಿಂಗಳಿಗೆ ಪಾಸಾಗುತ್ತೆ ಅನ್ನೋದರ ಮೇಲೆ ಒಬ್ಬನ ಜೀವ ನಿಂತಿರುತ್ತೆ ಅಂತ ನಾನು ಅವತ್ತಿನ ತನಕ ಯೋಚನೆಯೇ ಮಾಡಿರಲಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ನೀವು ಈ ಕಂತನ್ನ ಶುರುಮಾಡಿ ಇಪ್ಪತ್ತು ನಿಮಿಷ ಆಗಿದ್ದರೆ, ಆ ಲೆಕ್ಕದಲ್ಲಿ ಆರು ಜನ. ಜಗತ್ತಿನಲ್ಲಿ ವರ್ಷಕ್ಕೆ ಸಾಯೋ 11.9 ಲಕ್ಷ ಜನರಲ್ಲಿ 10ಕ್ಕೆ 9 ಮಂದಿ ನಮ್ಮಂಥ ಬಡ, ಮಧ್ಯಮ ಆದಾಯದ ದೇಶದವರೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ರಸ್ತೆ ಕಟ್ಟೋಕೆ ದುಡ್ಡಿಲ್ಲ, ಅದಕ್ಕೆ ಖಾಸಗಿಯವರನ್ನ ಕರೀತೀವಿ. ನಮ್ಮಂಥ ದೇಶಗಳೆಲ್ಲ ಮುಂದೆಯೂ ಕರೀತಾವೆ, ಬೇರೆ ದಾರಿ ಇಲ್ಲ. ಹಂಗಾಗಿ ನಿಮ್ಮ ಊರಿಗೆ ಹೊಸ ಹೆದ್ದಾರಿ ಬರ್ತಿದೆ ಅಂತ ಸುದ್ದಿ ಓದಿದಾಗ ಎಷ್ಟು ಕೋಟಿ, ಎಷ್ಟು ಪಥ ಅಂತ ನೋಡಿ ಮುಂದೆ ಸ್ವೈಪ್ ಮಾಡಬೇಡಿ. ಗಾಡಿ ಹೆಚ್ಚಾದರೆ ಅಗಲ ಮಾಡೋದು ಯಾರು, ಯಾವಾಗ? ಸುರಕ್ಷತೆ ಪರೀಕ್ಷೆಯ ವರದಿ ಎಲ್ಲಿದೆ? ಆರ್‌ಟಿಐ ಅರ್ಜಿಗೆ 10 ರೂಪಾಯಿ ಸಾಕು. ಹೆದ್ದಾರಿಯಲ್ಲಿ ಲಾರಿ ಕೆಟ್ಟು ನಿಂತಿದ್ದರೆ, ಬೇಲಿ ಮುರಿದಿದ್ದರೆ 1033ಕ್ಕೆ ಫೋನ್ ಮಾಡಿ. ನಾನು ಎರಡು ಸಲ ಮಾಡಿದ್ದೀನಿ. ಒಂದು ಸಲ ಅದೇ ದಿನ ಸರಿ ಆಯ್ತು, ಇನ್ನೊಂದು ಸಲ ಮೂರು ಸಲ ಮಾಡಬೇಕಾಯ್ತು.

ಕಾಕಾ ಈಗ ಲಾರಿ ಬಿಟ್ಟಿದ್ದಾರೆ, ಕಣ್ಣು ಸ್ವಲ್ಪ ಮಂದ. ಮಗ ಓಡಿಸ್ತಾನೆ. ಬೈಪಾಸ್ ಅಗಲ ಮಾಡೋ ಕೆಲಸ ಶುರುವಾದ ಮೇಲೆ ಒಂದು ಸಲ ನನ್ನನ್ನೂ ಕರ್ಕೊಂಡು ಯರಿಕೊಪ್ಪದ ಕಡೆ ಹೋಗಿದ್ದರು. ಮಣ್ಣು, ಜಲ್ಲಿ, ಡೈವರ್ಶನ್ ಬೋರ್ಡ್. ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ನಡುವೆ ಗೋಡೆ ಬರೋ ಜಾಗ ಯಾವುದು ಅಂತ ಅಲ್ಲಿನ ಕೆಲಸಗಾರರನ್ನ ಕೇಳಿದರು. ಅವರು ಕೈ ತೋರಿಸಿದರು. ಕಾಕಾ ಸ್ವಲ್ಪ ಹೊತ್ತು ಅಲ್ಲೇ ನೋಡ್ತಾ ನಿಂತರು. ವಾಪಸ್ ಗಾಡಿ ಹತ್ತಿ ಮಗನಿಗೆ ಫೋನ್ ಹಚ್ಚಿದರು. ‘ಎಲ್ಲಿ ಅದಿ? ನಿಪ್ಪಾಣಿ ದಾಟಿದೇನು? ಇನ್ನೂ ಕೆಲಸ ನಡದೈತಿ ಇಲ್ಲಿ. ಸಾವಕಾಶ ಬಾ.’